ನನ್ನ ಕೈಯ ಹೊಲಿಗೆ

ಹನ್ನೆರಡನೇ ತಾರೀಕು, ಮಂಗಳವಾರ.

ಈ ಊರಲ್ಲಿ ನನ್ನಂಥ ದರ್ಜಿ ಇನ್ನೊಬ್ಬನಿಲ್ಲ. ಅಂಥ ನಾನು ಇವತ್ತು ನನ್ನ ಹೊಲಿಗೆಯನ್ನು ನಾನೇ ಹೀಗಳೆದೆ.

ಬೆಳಿಗ್ಗೆ ನಮ್ಮನ್ನಾಳುವ ಪರದೇಶದ ದೊರೆ ಅಂಗಡಿಗೆ ಬಂದು, ಕೋಟಿನ ಹರಿದ ತೋಳೊಂದನ್ನು ಮೇಜಿನ ಮೇಲಿಟ್ಟರು. ಜೈಲಿನ ಬೇಲಿಗೆ ಸಿಕ್ಕಿಕೊಂಡಿತ್ತಂತೆ. ಒಳಗಿರುವ ನಮ್ಮವರಿಗೆ ಕಾಗದ ತಲುಪಿಸಿ ಓಡಿದವನದು.

"ನನ್ನ ಹೊಲಿಗೆ ಕತ್ತಲಲ್ಲೂ ಗುರುತು ಹಿಡೀತೀನಿ ಅಂತ ಕೊಚ್ಕೋತೀಯಲ್ಲ, ಇದು ಯಾರ ಕೋಟು ಹೇಳು."

ತಂಗಿಯ ಮಗನ ಮದುವೆಗೆ ನಾನೇ ಹೊಲಿದ ಕೋಟು! ಹೇಳಿದರೆ ಅವನಿಗೆ ಗಡೀಪಾರು. ಆದರೆ ಹೋದ ವರ್ಷ ನನ್ನ ಮಗಳು ಜ್ವರದಲ್ಲಿ ಕೈಬಿಟ್ಟು ಹೋಗುವಂತಿದ್ದಾಗ ವೈದ್ಯರನ್ನು ಕಳಿಸಿದವರು ಇದೇ ದೊರೆ. ಅವರ ಮುಖ ನೋಡಿ ಸುಳ್ಳಾಡಲು ನಾಲಿಗೆಯೇ ಹೊರಳಲಿಲ್ಲ.

ಕೊನೆಗೆ ಕಣ್ಣು ಮುಚ್ಚಿ ಅಂದುಬಿಟ್ಟೆ: "ಛೇ, ಇಂಥ ದರಿದ್ರ ಹೊಲಿಗೆ ನಂದಾ ಸ್ವಾಮಿ? ಯಾವನೋ ಗೋಣಿಚೀಲ ಹೊಲಿಯೋನು ಹೊಲಿದಿದ್ದು."

ದೊರೆ ತಮ್ಮ ಕೋಟಿನ ತೋಳನ್ನು ಮಗುಚಿ ನೋಡಿದರು. ಅದೂ ನಾನೇ ಹೊಲಿದದ್ದು. ಅದೇ ಹೊಲಿಗೆ.

"ಹಾಗಾದ್ರೆ ನನ್ನ ಕೋಟನ್ನೂ ಆ ಗೋಣಿಚೀಲದವನೇ ಹೊಲಿದಿರಬೇಕು," ಎಂದು ನಕ್ಕು, ಹರಿದ ತೋಳನ್ನು ಚಿಂದಿಬುಟ್ಟಿಗೆ ಹಾಕಿ ಹೊರಟರು.

ಪಾಪ, ಕಚೇರಿಗೆ ಹೋಗಿ ತಮ್ಮವರಿಗೆ ಏನು ಹೇಳಿದರೋ. ಇಬ್ಬರೂ ಸುಳ್ಳಾಡಿದೆವು, ಆದರೂ ಮನಸ್ಸು ಹಗುರವಾಗಿದೆ.

ಸಂಜೆ ತಂಗಿಯ ಮಗನಿಗೆ ಎಲ್ಲ ಹೇಳಿದರೆ, "ಮಾವ, ತೋಳು ಯಾವಾಗ ಹಾಕ್ಕೊಡ್ತೀಯ?" ಅಂತಾನೆ ಭಂಡ. ಈ ಸಲ ಯಾರಿಗೂ ಗುರುತು ಸಿಗದಂತೆ ಕೆಟ್ಟದಾಗಿ ಹೊಲಿಯಬೇಕು. ಈಗಷ್ಟೇ ಚೂರು ಬಟ್ಟೆಯ ಮೇಲೆ ಅಭ್ಯಾಸಕ್ಕೆ ಕೂತಿದ್ದೆ. ಏನು ಮಾಡಿದರೂ ಈ ಹಾಳು ಕೈ ನೆಟ್ಟಗೇ ಹೊಲಿಯುತ್ತದೆ.