ಬಲಭುಜದ ಹೂವು

ಜುಲೈ 21, ಸೋಮವಾರ. ಬೆಳಿಗ್ಗೆ 5.20

ಫಸ್ಟ್ ಟ್ರಿಪ್, ರಾಯಚೂರು–ಮಾನ್ವಿ. ಡ್ರೈವರ್ ಹನುಮಂತ್ರಾಯನ ಚಹಾ ಇನ್ನೂ ಮುಗಿದಿಲ್ಲ. ಆ ಮನುಷ್ಯ ಚಹಾ ಕುಡಿಯುವುದಿಲ್ಲ, ಚಹಾದ ಜೊತೆ ಸಂಸಾರ ಮಾಡುತ್ತಾನೆ. ಅಷ್ಟರಲ್ಲಿ ಬರೆದುಬಿಡಬೇಕು.

ಎದ್ದ ಕೂಡಲೇ ದತ್ತು ವೆಬ್‌ಸೈಟ್ ತೆರೆದೆ. ನಮ್ಮ ಸರದಿ 19. ಹೋದ ವಾರವೂ 19. ಅದರ ಹಿಂದಿನ ವಾರ 20. ಅರ್ಜಿ ಹಾಕಿ ಮೂರು ವರ್ಷ ಐದು ತಿಂಗಳು. ತನಿಖೆಗೆ ಬಂದ ಮೇಡಂ ಅಡುಗೆಮನೆ ನೋಡಿದರು, ಸಂಡಾಸು ನೋಡಿದರು, ಕಂಡಕ್ಟರ್ ಡ್ಯೂಟಿ ಮಾಡುತ್ತ ಮಗು ಹೇಗೆ ಸಾಕುತ್ತೀರಿ ಎಂದು ಕೇಳಿದರು. ಹೆತ್ತವರನ್ನು ಯಾರಾದರೂ ಹೀಗೆ ಕೇಳುತ್ತಾರಾ?

ನಿನ್ನೆ ಅತ್ತೆಯ ಫೋನು. ಅದೇ ಮಾತು. "ದೇವ್ರು ಕೊಡೋ ಟೈಮಿಗಿ ಕೊಡ್ತಾನಬೇ, ಸುನಂದಾ."

ಬಸ್ಸಿಗೂ ಟೈಮ್ ಇರುತ್ತದೆ ಅತ್ತೆ, ಬೋರ್ಡಿನ ಮೇಲೆ ಬರೆದು ಹಾಕಿರುತ್ತಾರೆ. ನಿಮ್ಮ ದೇವರದ್ದು ಎಲ್ಲಿ ಬರೆದಿದೆ?... ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹಾರ್ನ್ ಆಯಿತು. ಹೋಗಬೇಕು.

ಜುಲೈ 28, ಸೋಮವಾರ. ಸಂಜೆ

ಶ್ರಾವಣದ ಮೊದಲ ಸೋಮವಾರ. ಅತ್ತೆ ಬಾಲಮ್ಮ ಕಣ್ಣು ತೋರಿಸಲು ನಿನ್ನೆ ರಾಯಚೂರಿಗೆ ಬಂದಿದ್ದಾರೆ. ಕಣ್ಣಿನ ಡಾಕ್ಟರ್ ಐದು ನಿಮಿಷ, ಮಠದ ಪುರಾಣ ಎರಡು ತಾಸು. ನನ್ನನ್ನೂ ಎಳೆದುಕೊಂಡು ಹೋದರು. ಈ ವಾರದ ಆಫ್ ಇವತ್ತು ಸಿಕ್ಕಿತ್ತು. ಮಲಗಬೇಕಿತ್ತು.

ಮಾರ್ಕಂಡೇಯನ ಕಥೆ. ಹದಿನಾರು ವರ್ಷಕ್ಕೇ ಆಯುಷ್ಯ ಮುಗಿಯುವ ಹುಡುಗ. ಲಿಂಗವನ್ನು ತಬ್ಬಿಕೊಂಡು ಕೂತ. ಯಮ ಬಂದು ಕೊರಳಿಗೆ ಹಗ್ಗ ಒಗೆದ. ಆಗ ಶಿವ ಲಿಂಗ ಸೀಳಿಕೊಂಡು ಎದ್ದ. ಸ್ವಾಮಿಗಳು ಹೇಳುತ್ತಿದ್ದರೆ ಅತ್ತೆಯ ಕಣ್ಣಲ್ಲಿ ನೀರು. ನನಗೆ ಸಿಟ್ಟು.

ಆಟೋದಲ್ಲಿ ಕೇಳಿಯೇ ಬಿಟ್ಟೆ. "ಹಗ್ಗ ಕೊಳ್ಳಿಗಿ ಬೀಳೋ ತನಕ ಏನ್ ಮಾಡಾಕತ್ತಿದ್ದ ನಿಮ್ಮ ಶಿವ? ಐದು ನಿಮಿಷ ಮೊದ್ಲ ಬಂದಿದ್ರ ಗಂಟೇನು ಹೋಗ್ತಿತ್ತು?"

ಅತ್ತೆ ಎಲೆಅಡಿಕೆ ಚೀಲದ ದಾರ ಬಿಚ್ಚುತ್ತಿದ್ದರು. ಮುಖ ಎತ್ತಲಿಲ್ಲ. "ಬಂದನಲ್ಲ," ಅಂದರು.

ಇವರ ಹತ್ತಿರ ವಾದ ಮಾಡುವುದೂ ಒಂದೇ, ಬಸ್ ಸ್ಟ್ಯಾಂಡಿನ ಕಂಬದ ಜೊತೆ ಮಾತಾಡುವುದೂ ಒಂದೇ. ಅರವತ್ತೆಂಟು ವರ್ಷ. ಮಾವ ಹೋದ ಮೇಲೂ ಒಬ್ಬರೇ ಕುರಿ ಹಿಂದೆ ತಿರುಗಿ ನನ್ನ ಗಂಡ ಬೀರೇಶನನ್ನು ಐಟಿಐ ಓದಿಸಿದವರು. ಒಂದು ವರ್ಷ ರೋಗ ಬಂದು ಅರ್ಧ ಹಿಂಡು ಸತ್ತಿತಂತೆ. ಆಗಲೂ "ಕೊಡೋ ಟೈಮಿಗಿ ಕೊಡ್ತಾನ" ಅಂದಿರಬೇಕು.

ಸರದಿ 18.

ಆಗಸ್ಟ್ 2, ಶನಿವಾರ. 4.30, ಮಾನ್ವಿ ಬಸ್ ಸ್ಟ್ಯಾಂಡ್

ಬರೆಯಲೇಬೇಕು.

3.40ಕ್ಕೆ, ಕಲ್ಲೂರು ದಾಟಿದ ಮೇಲೆ ಮೆಸೇಜ್. ಹದಿನೆಂಟು ಇದ್ದದ್ದು ಹೇಗೆ ಒಮ್ಮೆಲೇ ಬಂತೋ ಗೊತ್ತಿಲ್ಲ. ಹೆಣ್ಣು ಮಗು. ಒಂದು ವರ್ಷ ಎರಡು ತಿಂಗಳು. ಬಳ್ಳಾರಿಯ ಸಂಸ್ಥೆಯಲ್ಲಿದ್ದಾಳೆ. ಫೋಟೋ ಇದೆ. ಕಿವಿ ದೊಡ್ಡವು. ಹುಬ್ಬು ಗಂಟಿಕ್ಕಿಕೊಂಡಿದ್ದಾಳೆ, ಫೋಟೋ ತೆಗೆದವರ ಮೇಲೆ ಭಾರೀ ಸಿಟ್ಟು. ನನ್ನ ಮಗಳೇ. ಅನುಮಾನವೇ ಇಲ್ಲ.

ಟಿಕೆಟ್ ಮಷೀನನ್ನು ಮಹಬೂಬೀ ಮಡಿಲಿಗೆ ಹಾಕಿ ಮೆಟ್ಟಿಲ ಮೇಲೆ ಕುಸಿದೆ. ಕಲ್ಲೂರಿನಿಂದ ದಿನಾ ತರಕಾರಿ ಬುಟ್ಟಿ ಹತ್ತಿಸುವವಳು ಅವಳು. "ಏನಾತಬೇ ಕಂಡಕ್ಟರಮ್ಮ? ಯಾರರ ಹೋದ್ರೇನು?"

"ಹೋಗಿಲ್ಲ. ಬಂದ್ಳು," ಅಂದೆ. ಅವಳಿಗೆ ಏನೂ ತಿಳಿಯಲಿಲ್ಲ, ಆದರೂ ಬೆನ್ನು ಸವರಿದಳು.

48 ಗಂಟೆಯೊಳಗೆ "ಬೇಕು" ಎಂದು ಒತ್ತಬೇಕು. ಸೋಮವಾರ ಮಧ್ಯಾಹ್ನ 3.40ರ ತನಕ. ದಾಟಿದರೆ ಮಗು ಸರದಿಯಲ್ಲಿ ಮುಂದಿನವರಿಗೆ. ಮೆಸೇಜ್ ಇಬ್ಬರಿಗೂ ಬಂದಿದೆ, ಆದರೆ ಓಟಿಪಿ ಬರುವುದು ಬೀರೇಶನ ಫೋನಿಗೆ. ಅಂಗಡಿಗೆ ಫೋನ್ ಮಾಡಿದೆ. ಮೋಟರ್ ವೈಂಡಿಂಗ್ ಸದ್ದಿನ ನಡುವೆ ಅವನು ಅಂದದ್ದು ಇಷ್ಟೇ. "ಮನಿಗಿ ಬಾ, ಮಾತಾಡೂಣು."

ಮಾತಾಡಲಿಕ್ಕೆ ಏನಿದೆ?

ಅದೇ ದಿನ. ಸಂಜೆ 7.30

ಇದೆಯಂತೆ.

"ಅವ್ವ ಹೂ ಕೇಳ್ಲಿ. ಬೀರಪ್ಪ ಬಲಕ್ಕ ಕೊಟ್ರ ಆ ಕ್ಷಣಕ್ಕ ಒತ್ತತೀನಿ."

ಮನೆದೇವರು ಬೀರಪ್ಪ. ಕಲ್ಲಿನ ಮೂರ್ತಿಗೆ ನೀರು ಹಚ್ಚಿ ಹೂ ಅಂಟಿಸುತ್ತಾರೆ. ನೆತ್ತಿಗೆ ಒಂದು, ಎರಡೂ ಭುಜಕ್ಕೆ ಎರಡೆರಡು. ಪ್ರಶ್ನೆ ಕೇಳಿ ಕೂಡುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ನಮ್ಮ ಮದುವೆಗೆ ಕೇಳಿದರು. ಅಂಗಡಿಗೆ ಕೇಳಿದರು. ಹೂ ಕೇಳುವುದು ಸೋಮವಾರ ಮಾತ್ರ. ಅದೂ ದೇವದುರ್ಗದಿಂದ ಹೊಳೆ ಕಡೆಗೆ ಎಂಟು ಕಿಲೋಮೀಟರ್ ದೂರದ ಅತ್ತೆಯ ಊರಲ್ಲಿ.

ಕೂಗಾಡಿದೆ. ತಟ್ಟೆ ಎತ್ತಿ ಕುಕ್ಕಿದೆ. "ಮೂರೂವರಿ ವರ್ಷ ಕಾದೀನಿ! ಸೋಮವಾರ ಹೂ ಬೀಳಲಿಲ್ಲಂದ್ರ?"

ಬೀರೇಶ ತಲೆ ತಗ್ಗಿಸಿ ಹೇಳಿದ. "ಹೈದ್ರಾಬಾದಿಗಿ ಟ್ರೀಟ್‌ಮೆಂಟಿಗಿ ಹೋಗೋ ಮುಂದ ಕೇಳ್ಲಿಲ್ಲ ನಾವು. ಅವಸರ ಮಾಡಿದ್ವಿ."

ಐದನೇ ತಿಂಗಳಲ್ಲಿ ಹೋದ ಕೂಸು. ನಾಲ್ಕು ವರ್ಷದಿಂದ ಒಂದು ಮಾತು ಆಡಿರಲಿಲ್ಲ ಇವನು ಅದರ ಬಗ್ಗೆ. ಇದನ್ನು ಎದೆಯಲ್ಲಿಟ್ಟುಕೊಂಡು ದಿನಾ ಮೋಟರಿಗೆ ತಂತಿ ಸುತ್ತುತ್ತಿದ್ದನಾ? ಸಿಟ್ಟು ಇಳಿಯಲಿಲ್ಲ. ಅಳುವೂ ಜೊತೆಗೆ ಬಂತು.

ಆಗಸ್ಟ್ 3, ಭಾನುವಾರ

ರಜೆ ಹಾಕಿದೆ. ದೇವದುರ್ಗದ ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಬೀರೇಶ ಪಕ್ಕದಲ್ಲಿ ನಿದ್ದೆ ಹೋಗಿದ್ದಾನೆ. ಫೋನು ಅವನ ಜೇಬಿನಲ್ಲಿ, ಅದರ ಪಾಸ್‌ವರ್ಡ್ ನನ್ನ ತಲೆಯಲ್ಲಿ. ತೆಗೆದು ಒತ್ತಿಬಿಡಲಾ? ಎರಡು ನಿಮಿಷದ ಕೆಲಸ.

ಎರಡು ಸಲ ಕೈ ಹಾಕಿದೆ.

ಒತ್ತಿದರೆ ಮಗು ಬರುತ್ತದೆ, ಸರಿ. ಹೆದರಿದ ಅಪ್ಪನ ಮನೆಗೆ ಬರುತ್ತದೆ. ಒಂದು ಜ್ವರ ಬಂದರೆ ಸಾಕು, ಹೂ ಕೇಳಲಿಲ್ಲ ಅಂತ ಇವನು ಮೂಲೆ ಹಿಡಿಯುತ್ತಾನೆ. ಆ ಗಂಟುಹುಬ್ಬಿನ ಹುಡುಗಿಗೆ ಅದು ಬೇಡ. ಕೈ ತೆಗೆದೆ. ಆದರೆ ಇವನ ದೇವರಿಗೆ ಒಂದು ಮಾತು ಹೇಳಿಟ್ಟಿದ್ದೇನೆ: ಲೇಟ್ ಮಾಡಿದರೆ ನನ್ನಷ್ಟು ಕೆಟ್ಟವಳು ಯಾರೂ ಇಲ್ಲ.

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 9

ದೇವರು ಊರಲ್ಲಿಲ್ಲ.

ಹೌದು. ಶ್ರಾವಣ ಸೋಮವಾರ, ಪಲ್ಲಕ್ಕಿಯಲ್ಲಿ ಕೃಷ್ಣೆಗೆ ಸ್ನಾನಕ್ಕೆ ಹೋಗಿದ್ದಾನೆ. ಡೊಳ್ಳು, ಎರಚುವ ಭಂಡಾರದ ಅರಿಶಿನ, ಅರ್ಧ ಊರು ಹಿಂದೆ. ಪಲ್ಲಕ್ಕಿ ಗುಡಿಗೆ ಮರಳುವ ತನಕ ಕಲ್ಲಿನ ಮೂರ್ತಿಗೆ ಹೂ ಇಡುವಂತಿಲ್ಲ. "ಹನ್ನೊಂದಕ್ಕ ಬರ್ತಾನ," ಅಂದರು ಅತ್ತೆ. ಇರುವುದೇ ಒಂದು ದಿನ, ಅದರಲ್ಲೂ ಇವನಿಗೆ ಜಳಕ.

12.15

ಬಂದಿಲ್ಲ. ಹೊಳೆ ತುಂಬಿದೆಯಂತೆ, ದಡದಲ್ಲಿ ಕೆಸರು, ಪಲ್ಲಕ್ಕಿ ನಿಧಾನ. ಊರಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಗುಡಿಯಿಂದ ಅಲ್ಲಿಗೆ ಓಡಿ ನೋಡಿದೆ. ನಾಲ್ಕು ನಿಮಿಷ. ಬೀರೇಶನಿಗೆ ಐದು, ಹೊಟ್ಟೆ ಬಂದಿದೆ.

1.50

ಡೊಳ್ಳಿನ ಸದ್ದು ಕೇಳಿಸುತ್ತಿದೆ. ಕೇಳಿಸುತ್ತಲೇ ಇದೆ. ಹತ್ತಿರ ಬರುತ್ತಿಲ್ಲ. ಪ್ರತಿ ಮನೆ ಮುಂದೆ ನಿಲ್ಲುತ್ತಾನೆ, ಪ್ರತಿ ಮನೆಯವರೂ ನೀರು ಹಾಕುತ್ತಾರೆ, ಕಾಯಿ ಒಡೆಯುತ್ತಾರೆ. ಎಕ್ಸ್‌ಪ್ರೆಸ್ ಬೋರ್ಡ್ ಹಾಕಿಕೊಂಡು ಕೈ ತೋರಿಸಿದಲ್ಲೆಲ್ಲ ನಿಲ್ಲಿಸುವ ಡ್ರೈವರ್.

3.05

ಹೂ ಇಟ್ಟು ಹದಿನೈದು ನಿಮಿಷ. ಐದೂ ಕಣಗಲ ಹೂ ಕದಲಿಲ್ಲ. ಪೂಜಾರಿ ಮಾಳಿಂಗಪ್ಪ ಕಣ್ಣು ಮುಚ್ಚಿದ್ದಾನೆ. ಬೀರೇಶ ಕೈ ಮುಗಿದು ನಿಂತಿದ್ದಾನೆ, ಅಂಗಿ ಪೂರ್ತಿ ಒದ್ದೆ. ಹಗ್ಗ ಕೊರಳಿಗೆ ಬಿದ್ದಾಯಿತು ಶಿವನೇ, ಇನ್ನಾದರೂ ಏಳು. ಏಳೋ. ನನಗೆ ಬರೆಯಲಿಕ್ಕೆ

ಆಗಸ್ಟ್ 5, ಮಂಗಳವಾರ. ರಾಯಚೂರು

ನಿನ್ನೆಯದನ್ನು ಸರಿಯಾಗಿ ಬರೆದಿಡಬೇಕು. ಬರೆಯದಿದ್ದರೆ ಮುಂದೆ ನಾನೇ ನಂಬುವುದಿಲ್ಲ.

3.20 ಆಯಿತು. ಹೂ ಬೀಳಲಿಲ್ಲ. ಅತ್ತೆ ಹೊಸ್ತಿಲ ಹೊರಗೆ ಕುಳಿತಿದ್ದರು. ಅಲ್ಲಿಂದಲೇ ಬೀರಪ್ಪನನ್ನು ಮಾತಾಡಿಸತೊಡಗಿದರು. ಮೊದಲು ಮೆತ್ತಗೆ. "ಯಪ್ಪಾ, ನನ್ನ ಸೊಸಿ ಹೊತ್ತು ನೋಡಾಕತ್ತಾಳ. ಗೌರ್ಮೆಂಟಿಂದು ಟೈಮ್ ಅದ." ಆಮೇಲೆ ದನಿ ಏರಿತು. "ಏನೋ ನಿಂದು? ಹುಟ್ಟಿದಾಗಿಂದ ನಿನ್ನ ಕುರಿ ಕಾಯ್ದೀನಿ. ಅರ್ಧ ಹಿಂಡು ಸತ್ತಾಗ ಏನರ ಅಂದೆನೇನು? ಗಂಡ ಸತ್ತಾಗ ಅಂದೆನೇನು? ಮಾತಾಡು!"

ದೇವರು ಮಾತಾಡಲಿಲ್ಲ. 3.26.

ನಾನು ಬೀರೇಶನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

ಅತ್ತೆ ಎದ್ದರು. ಮಂಡಿ ಹಿಡಿದುಕೊಂಡು, ನಿಧಾನಕ್ಕೆ. ಹೊಸ್ತಿಲು ದಾಟಿದರು. ಗರ್ಭಗುಡಿಗೆ ಹೆಂಗಸರು ಕಾಲಿಡುವುದಿಲ್ಲ, ಅತ್ತೆಯೇ ನನಗೆ ಮೊದಲ ದಿನ ಹೇಳಿಕೊಟ್ಟದ್ದು ಅದನ್ನು. ಮಾಳಿಂಗಪ್ಪ ಕಣ್ಣು ಬಿಟ್ಟ. "ಏ ಬಾಲಮ್ಮಾ! ಏನ್ ಮಾಡಾಕತ್ತೀ? ತಲಿ ಕೆಟ್ಟದೇನು?"

ಅತ್ತೆ ಮೂರ್ತಿಯ ಬಲಭುಜಕ್ಕೆ ಕೈ ಹಾಕಿದರು. ಒಂದು ಹೂ ಬಿಡಿಸಿಕೊಂಡರು. ತೊಟ್ಟಿಲಿನ ಕೂಸಿನ ಮೈಮೇಲಿನ ನೊಣ ತೆಗೆದಷ್ಟು ಹಗುರಾಗಿ. ಬಂದು ನನ್ನ ಕೈಯಲ್ಲಿಟ್ಟು ಮುಷ್ಟಿ ಮಡಿಚಿದರು.

"ಅವ ಕೊಡ್ತಾನಬೇ. ಸಂಜಿಗಿ ಕೊಡ್ತಿದ್ದ. ನನಗ ಅವನ ಚಾಳಿ ಗೊತ್ತದ, ತಡಾ ಮಾಡ್ತಾನ, ಕೈ ಬಿಡಂಗಿಲ್ಲ. ನಾ ಒಂದಿಷ್ಟು ಲಗೂ ಇಸ್ಕೊಂಡೆ, ಅಷ್ಟ." ಮಗನ ಕಡೆ ತಿರುಗಿದರು. "ಬಲಗಡೆದ್ದ ಅದಲೋ. ನೋಡಿದಿಲ್ಲ? ಓಡು!"

ಬೀರೇಶ ಓಡಿದ. ಹೊಟ್ಟೆ ಗಿಟ್ಟೆ ಏನೂ ಅಡ್ಡ ಬರಲಿಲ್ಲ, ನಾನೇ ಹಿಂದೆ ಬಿದ್ದೆ. ಟ್ಯಾಂಕಿನ ಹತ್ತಿರ ಓಟಿಪಿ ಒಂದು ಸಲ ತಪ್ಪು ಒತ್ತಿದ. ಬೈದೆ. ಎರಡನೇ ಸಲ ಸರಿಯಾಯಿತು. 3.36. ಪರದೆಯ ಮೇಲೆ ಹಸಿರು ಗುರುತು. ಅಲ್ಲೇ ಕೆಸರಲ್ಲಿ ಕುಳಿತು ಇಬ್ಬರೂ ಅತ್ತೆವು. ನೀರು ತುಂಬಲು ಬಂದಿದ್ದವರು ಕೊಡ ಇಳಿಸಿ ನೋಡುತ್ತ ನಿಂತರು.

ಸಂಜೆ ಬಸ್ಸಿಗೆ ಹೊರಟಿದ್ದೆವು. ಮಾಳಿಂಗಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಮನೆಗೇ ಬಂದ. "ಬಾಲಮ್ಮಾ, ನೀವು ಹೋದ ಮ್ಯಾಲ ಹೂ ಬಿತ್ತು. ನಾ ಕಣ್ಣಾರೆ ನೋಡೀನಿ—"

"ಬೀಳ್ಲಿ," ಅತ್ತೆ ಅವನ ಮಾತು ಮುಗಿಯಗೊಡಲಿಲ್ಲ. "ಚಾ ಕುಡೀತಿಯೇನು?"

"ಯಾವ ಕಡಿ ಅಂತ ಕೇಳಂಗಿಲ್ಲೇನು?"

"ಚಾಕ್ಕ ಸಕ್ಕರಿ ಎಷ್ಟ ಹಾಕ್ಲಿ ಅಂತ ಕೇಳ್ತೀನಿ."

ಮಾಳಿಂಗಪ್ಪನ ಮುಖವನ್ನೇ ನೋಡಿದೆ. ಏನೂ ಗೊತ್ತಾಗಲಿಲ್ಲ. ಬೀರೇಶ ಬಾಯಿ ತೆರೆದ, ಅವ್ವನ ಕಣ್ಣು ನೋಡಿ ಮುಚ್ಚಿದ. ಬಸ್ಸಿನುದ್ದಕ್ಕೂ ನನಗೆ ಅದೇ ಯೋಚನೆ. ಇನ್ನೊಂದು ಸಂಕಟ ಹಚ್ಚಿಟ್ಟರಲ್ಲ ಈ ಮುದುಕಿ.

ಆಗಸ್ಟ್ 19, ಮಂಗಳವಾರ. ಬಳ್ಳಾರಿ, 11.10

ಹತ್ತೂವರೆಗೆ ಬರಹೇಳಿದ್ದರು. ಇನ್ನೂ ಹೊರಗೆ ಬೆಂಚಿನ ಮೇಲೆ. ಇನ್ನೈದು ನಿಮಿಷ ಅಂತೆ. ಮೂರು ಸಲ ಹೇಳಿಯಾಯಿತು ಐದು ನಿಮಿಷ. ಬೀರೇಶ ನಾಲ್ಕನೇ ಸಲ ನೀರು ಕುಡಿಯಲು ಹೋಗಿದ್ದಾನೆ. ಅತ್ತೆ ಹೊಸ ಇಲಕಲ್ ಸೀರೆಯಲ್ಲಿ ನೆಟ್ಟಗೆ ಕುಳಿತಿದ್ದಾರೆ. ಎಲೆಅಡಿಕೆ ಚೀಲದಲ್ಲಿ ಆ ಹೂ ಇದೆ, ಒಣಗಿ ಮುದುಡಿದೆ. ಕೂಸಿನ ತೊಟ್ಟಿಲಿಗೆ ಕಟ್ಟಬೇಕಂತೆ.

ಹದಿನೈದು ದಿನ ತಡೆದಿದ್ದೆ. ಈಗ ಬೀರೇಶ ಇಲ್ಲದ್ದು ನೋಡಿ ಕೇಳಿಬಿಟ್ಟೆ. "ಅತ್ತಿ, ಖರೇ ಹೇಳ್ರಿ. ಆವತ್ತು ಹೂ ಎಡಕ್ಕ ಬಿದ್ದಿದ್ರ?"

ಚೀಲದ ದಾರ ಬಿಗಿದರು.

"ಬಲಕ್ಕ ಬಿದ್ದಿದ್ರ ಅವಂದೂ ನಂದೂ ಒಂದ ಮಾತು ಆತು. ಎಡಕ್ಕ ಬಿದ್ದಿದ್ರ ನನ್ನ ಕೂಡ ಜಗಳಾ ಮಾಡ್ಲಿ. ಹೂ ಹರಿದಾಕಿ ನಾನು. ನಿಮ್ಮ ತಂಟಿಗಿ ಬರ್ಬ್ಯಾಡ ಅಂತ ಹೇಳೇ ಬಂದೀನಿ ಅವಗ. ಕೇಳ್ತಾನ. ಇಷ್ಟ ವರ್ಷ ನಾ ಕೇಳೀನಲ್ಲ ಅವನ ಮಾತು?"

ಆ ಒರಟು ಕೈ ಹಿಡಿದುಕೊಂಡೆ. ತಣ್ಣಗಿತ್ತು. ಅಂದರೆ ಇವರಿಗೂ ಹೆದರಿಕೆ ಇದೆ. ಹೆದರಿಕೆ ಇಟ್ಟುಕೊಂಡೇ ಆ ಹೊಸ್ತಿಲು ದಾಟಿದ್ದರು.

11.22. ಬೀರೇಶ ಬಂದ. ಒಳಗೆ ಯಾವುದೋ ಕೂಸು ಜೋರಾಗಿ ಕಿರುಚುತ್ತಿದೆ, ಅಳುವಲ್ಲ, ಯಾರನ್ನೋ ಬೈಯುತ್ತಿರುವ ಹಾಗೆ. ಬಾಗಿಲು ತೆರೆಯಿತು. ಆಯಾ. ಅವರ ಸೊಂಟದ ಮೇಲೆ ಹಳದಿ ಅಂಗಿ, ಅವೇ ಕಿವಿ, ಅದೇ ಹುಬ್ಬು. ನಮ್ಮನ್ನೇ ನೋಡುತ್ತಿದ್ದಾಳೆ, ಯಾಕಿಷ್ಟು ಲೇಟ್ ಅನ್ನುವ ಹಾಗೆ. ಅತ್ತೆ ಎದ್ದು ನಿಂತರು, ಕೈ ಚಾಚಿ