ಅಪ್ಪನ ಕಪ್ಪು, ನನ್ನ ಆರು ಇಸ್ಪೀಟು

ಕೃಷ್ಣರಾಜಪೇಟೆ,
ಸೋಮವಾರ, 13 ಫೆಬ್ರವರಿ 1995

ಪ್ರೀತಿಯ ಅಪ್ಪಾ,

ಎರಡೂ ಕೈ ಜೋಡಿಸಿ, ಸ್ವಸ್ಥ ಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ ಈ ತಪ್ಪೊಪ್ಪಿಗೆ ಬರೆಯುತ್ತಿದ್ದೇನೆ. ಈ ದಿನ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಕಾಳಪ್ಪಾಚಾರ್ ಎಂಬುವರ ಕೆಲಸದ ಪೆಟ್ಟಿಗೆಯ ಬೀಗವನ್ನು ಅವರದೇ ತಂತಿಯಿಂದ ತೆಗೆದು, ಒಂದು ಒರೆಗಲ್ಲು ಮತ್ತು ಗಾಜಿನ ಬಿರಡೆಯ ಒಂದು ಆಸಿಡ್ ಸೀಸೆಯನ್ನು ಕದ್ದಿದ್ದೇನೆ. ಕಳ್ಳನ ಹೆಸರು ಪುಟ್ಟಾಚಾರಿ. ವಯಸ್ಸು ಮೂವತ್ತೇಳು. ವೃತ್ತಿ, ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಹಿಂದಿನ ಅಪರಾಧ, ಆರನೇ ಕ್ಲಾಸಿನಲ್ಲಿ ಇದೇ ಪೆಟ್ಟಿಗೆಯಿಂದ ತೂಕದ ಗುಲಗಂಜಿಗಳನ್ನು ಕದ್ದು ಗೋಲಿ ಆಡಿದ್ದು. ಅವ್ವ ಬಾಗಿಲಲ್ಲಿ ಬಂದು ನಿಂತು "ಏನ್ಲಾ ಅದು, ನಿಮ್ಮಪ್ಪ ಇಲ್ದಾಗ ಪೆಟ್ಗೆಗೆ ಕೈ ಆಕ್ತಿದ್ದೀಯ?" ಅಂದಳು. ಇತಿಹಾಸ ಸಂಶೋಧನೆ ಅಂದೆ. ಕದ್ದ ಮಾಲು ಈಗ ಈ ಕಾಗದದ ಪಕ್ಕದಲ್ಲಿದೆ. ಅದರ ಪಕ್ಕದಲ್ಲಿ, ಅವ್ವನ ಹಳೇ ಸೀರೆಯ ತುಂಡು ಸುತ್ತಿಕೊಂಡು ಇನ್ನೊಂದು ವಸ್ತು ಇದೆ. ಅದೇನೆಂದು ಈಗಲೇ ಹೇಳಿದರೆ ನೀನು ಮುಂದೆ ಓದುವುದಿಲ್ಲ.

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಹಾಸನದ ಬಿಸಿಲಿಗೆ ಕಪ್ಪು ಕನ್ನಡಕ ಹಾಕದೆ ಹೊರಗೆ ಹೋಗಬೇಡ, ತಲೆಗೆ ನೀರು ಹಾಕಬೇಡ, ಬಗ್ಗಬೇಡ, ಅಕ್ಕನ ಮೇಲೆ ರೇಗಬೇಡ. ಮೊದಲ ಮೂರು ಡಾಕ್ಟರ ಮಾತು, ನಾಲ್ಕನೆಯದು ನನ್ನದು. ಈ ಕಾಗದವನ್ನು ನೀನೇ ಓದು. ಕೀರ್ತನ "ತಾತ, ನಾನ್ ಓದಿ ಹೇಳ್ತೀನಿ" ಎಂದು ಕಿತ್ತುಕೊಳ್ಳಲು ಬಂದರೆ ಕೊಡಬೇಡ. ಮೂರನೇ ಕ್ಲಾಸಿನ ಮೊಮ್ಮಗಳಿಗೆ ಓದಲು ಬರುತ್ತದೆ, ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ನೀನು ಬಸ್ಸಿನ ಕಿಟಕಿಯಲ್ಲಿ ಹೇಳಿದ ಮಾತು ನಮ್ಮಿಬ್ಬರಲ್ಲೇ ಇರಬೇಕಲ್ಲ.

ಆ ಮಾತು ಹೇಳಿ ನೀನು ಹಾಸನಕ್ಕೆ ಹೋದೆ. ನನ್ನ ನಿದ್ದೆಯೂ ಅದೇ ಬಸ್ಸಿನಲ್ಲಿ, ಟಿಕೆಟ್ ಇಲ್ಲದೆ ಹೋಯಿತು. ಇಂಜಿನ್ ಶುರುವಾಗಿತ್ತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ್ದ. ನೀನು ಕಿಟಕಿಯ ಸರಳು ಹಿಡಿದುಕೊಂಡು, "ಲೇ ಪುಟ್ಟ, ಆ ಬೆಳ್ಳಿ ಕಪ್ಪು ಈ ಸಲ ನಾಗಮಂಗಲದೋರ ಪಾಲಾಗ್ಬಾರ್ದು ಕಣ್ಲಾ. ಹಿಡಿ ಎರಡೂ ಬೆಳ್ಳೀವಲ್ಲ ಅನ್ಸುತ್ತೆ" ಅಂದೆ. ನಾನು ನಕ್ಕೆ. ನೀನು ನಗಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಕೆ.ಆರ್.ಎಸ್. ಕ್ಲಬ್ಬಿನವರು ನಾಲ್ಕು ತಾಲ್ಲೂಕಿನ ಬ್ರಿಡ್ಜ್ ಪಂದ್ಯಕ್ಕೆ ಕಪ್ಪು ಮಾಡಿಕೊಡು ಎಂದಾಗ, ಆಟಗಾರರೆಲ್ಲ ಮನೆಯ ಹಳೇ ಬೆಳ್ಳಿ ತಂದುಕೊಟ್ಟರಂತೆ. ನೀನು ಬಾಗು ಸರಿಬರುತ್ತದೋ ಎಂದು ನೋಡಲು ಮೊದಲು ಬೆಳ್ಳಿಯಂತೆ ಕಾಣುವ ಅಗ್ಗದ ಜರ್ಮನ್ ಸಿಲ್ವರಿನಲ್ಲಿ ಒಂದು ಜೊತೆ ಹಿಡಿ ಮಾಡಿದೆಯಂತೆ. ಆಮೇಲೆ ಬೆಳ್ಳಿಯದು. ಕೊಡುವ ದಿನ ಬಾಗಿಲಲ್ಲಿ ಜೀಪು ನಿಂತು ಹಾರನ್ ಹೊಡೆಯುತ್ತಿರಲು, ಅವಸರದಲ್ಲಿ ಒಂದು ಜೊತೆಯನ್ನು ಬೆಸೆದು ಕಳಿಸಿದೆಯಂತೆ. ಸಂಜೆ ಪೆಟ್ಟಿಗೆ ತೆಗೆದು ನೋಡಿದರೆ, ಉಳಿದ ಜೊತೆಯೇ ಬೆಳ್ಳಿಯ ಹಾಗೆ ಕಂಡಿತಂತೆ. ಊರಿನವರ ಚಿನ್ನವನ್ನೆಲ್ಲ ಒರೆಗೆ ಹಚ್ಚುವ ನೀನು ಅದನ್ನು ಮಾತ್ರ ಹಚ್ಚಲಿಲ್ಲ. ಗಂಟು ಕಟ್ಟಿಕೊಂಡು ಹೇಮಗಿರಿಗೆ ಹೋಗಿ ಹೊಳೆಗೆ ಎಸೆದು ಬಂದೆ. "ನೋಡೋಕೆ ಧೈರ್ಯ ಬರ್ನಿಲ್ಲ ಕಣ್ಲಾ" ಅಂದೆ. ಬಸ್ಸು ಹೊರಟಿತು. ಪಕ್ಕದಲ್ಲೇ ಓಡುತ್ತಾ ಹಿಡಿಗೆ ಕೊಟ್ಟದ್ದು ಯಾರ ಬೆಳ್ಳಿ ಎಂದು ಕೇಳಿದೆ. "ನಮ್ಮ ಮರಿಯಯ್ಯನ ಹೆಂಡ್ತಿ ದೊಡ್ಡತಾಯಮ್ಮಂದು. ಕಾಲ್ಗೆಜ್ಜೆ" ಎಂದು ಕೂಗಿದೆ. ಕಪ್ಪು ಮಾಡುವಾಗ ದೊಡ್ಡತಾಯಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು ಎನ್ನುವುದು ನನಗೂ ನೆನಪಿದೆ. ನಾನು ಬಸ್‌ಸ್ಟ್ಯಾಂಡಿನಲ್ಲೇ ನಿಂತುಬಿಟ್ಟೆ.

ಒಂದು ತಾಲ್ಲೂಕು ಸತತ ಮೂರು ವರ್ಷ ಗೆದ್ದರೆ ಕಪ್ಪು ಅವರಿಗೇ ಶಾಶ್ವತ ಎನ್ನುವ ನಿಯಮ ನಿನಗೆ ಗೊತ್ತು. ನಾಗಮಂಗಲದವರು ಎರಡು ವರ್ಷ ಗೆದ್ದಿದ್ದರು. ಅವರ ಕ್ಯಾಪ್ಟನ್ ಒಡವೆ ಅಂಗಡಿಯ ವೆಂಕಟಶೆಟ್ಟರು. ನಿನ್ನೆ ಕ್ಲಬ್ಬಿನ ಮೆಟ್ಟಿಲ ಮೇಲೆ ಸಿಕ್ಕಿ, ಬೆನ್ನು ತಟ್ಟಿ, "ಮೇಷ್ಟ್ರೇ, ಈ ವರ್ಸ ಕಪ್ಪು ನಮ್ದೇ ಆಗೋಯ್ತದೆ ಬುಡಿ. ಕರಗ್ಸಿ ನಮ್ಮನೆ ದೇವ್ರಿಗೆ ಆರತಿ ತಟ್ಟೆ ಮಾಡುಸ್ಬೇಕು ಅಂತಿವ್ನಿ. ನಿಮ್ಮಪ್ಪಾರು ಆಕಿರೋ ಬೆಳ್ಳಿ ಅಂದ್ರೆ ಕೇಳ್ಬೇಕಾ!" ಅಂದರು. ಪಾಪ, ಹೊಗಳಿಕೆಯೇ. ನನ್ನ ಹೊಟ್ಟೆಯಲ್ಲಿ ಮಾತ್ರ ಆಗಲೇ ಮೂಸೆ ಇಟ್ಟು ಊದುಕೊಳವೆಯಲ್ಲಿ ಊದಿದ ಹಾಗಾಯಿತು. ಹಿಂದಿನ ಕಾಲದ ರಾಜರು ಸೋತು ಕಪ್ಪ ಕೊಡುತ್ತಿದ್ದರು ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಸೋತು ಕಪ್ಪು ಕೊಡುವುದು ಅದಕ್ಕಿಂತ ಭಯಂಕರ ಎಂದು ನಿನ್ನೆ ತಿಳಿಯಿತು. ಶೆಟ್ಟರ ಮನೆಯ ಕುಲುಮೆಯಲ್ಲಿ ಹಿಡಿ ಕರಗದೆ ಹಳದಿಗೆ ತಿರುಗುವುದು, ಅವರು ಅದನ್ನು ಇಕ್ಕಳದಲ್ಲಿ ಎತ್ತಿ ನೋಡುವುದು, ಸುದ್ದಿ ನಾಗಮಂಗಲದಿಂದ ಹೊರಟು ಮರಿಯಯ್ಯನವರ ಜಗುಲಿಗೆ ಬಂದು ಕೂರುವುದು, ಎಲ್ಲ ಕಣ್ಣ ಮುಂದೆ ಬಂತು. ಸಿಂಧಘಟ್ಟದ ಆ ಮನುಷ್ಯ ಇಪ್ಪತ್ತು ವರ್ಷದಿಂದ ನಿನ್ನೆದುರು ಕೂತು ಎಲೆ ಹಿಡಿದವರು. ನಿನ್ನನ್ನು ಒಂದು ಮಾತೂ ಕೇಳುವುದಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು.

ಆ ಮರಿಯಯ್ಯನವರ ಎದುರಿಗೇ, ನೀನಿಲ್ಲದ ಕುರ್ಚಿಯಲ್ಲಿ ನಾನು ಕೂರಬೇಕಿತ್ತು. "ನಿಮ್ಮಪ್ಪ ಕೂತ್ಕಳ ಜಾಗ ಕಣಪ್ಪ ಅದು. ಎದ್ರುಕಬ್ಯಾಡ. ಅವ್ನು ಯೋಳ್ಕೊಟ್ಟಂಗೆ ಕೂಗು ಸಾಕು" ಅಂದರು. ನೀನು ಹೇಳಿಕೊಟ್ಟ ಹಾಗೆ! ಅಪ್ಪಾ, ಈಗ ಹೇಳಿಬಿಡುತ್ತೇನೆ, ಹದಿನಾಲ್ಕು ವರ್ಷ ಕೆ.ಆರ್. ಪೇಟೆ ಒಂದು ಸಲವೂ ಗೆಲ್ಲದಿದ್ದುದು ನೀನು ಹೇಳಿಕೊಟ್ಟ ಹಾಗೆ ಕೂಗಿದ್ದರಿಂದಲೇ. ಒಡವೆಯನ್ನು ಅರ ಹಾಕಿ ಉಜ್ಜುವಾಗ ಒಂದಿಷ್ಟು ಸವೆಯುತ್ತದೆ, ಅಕ್ಕಸಾಲಿಗ ಸವಕಳಿ ಕಳೆದೇ ಮಾತಾಡಬೇಕು ಎಂಬುದು ನಿನ್ನ ಕಸುಬಿನ ಧರ್ಮ. ಅದನ್ನು ತಂದು ಎಲೆಯಾಟಕ್ಕೂ ಹಚ್ಚಿದೆ. "ಕೈಲಿ ಅದ್ಮೂರು ಪಾಯಿಂಟ್ ಇದ್ರೆ ಅನ್ನೆರಡು ಅಂತ ತಿಳ್ಕೊ, ಒಂದು ಸವ್ದೋಯ್ತದೆ." ಸರಿ. ಆದರೆ ಬ್ರಿಡ್ಜಿನಲ್ಲಿ ಜೊತೆಗಾರರು ಇಬ್ಬರು. ನಮ್ಮಿಬ್ಬರ ಕೈ ಸೇರಿ ಹದಿಮೂರು ಟ್ರಿಕ್ಕಿನಲ್ಲಿ, ಅಂದರೆ ಸುತ್ತಿನಲ್ಲಿ, ಎಷ್ಟು ಗೆಲ್ಲುತ್ತೇವೆ ಎಂದು ಆಟಕ್ಕೆ ಮೊದಲೇ ಹರಾಜಿನ ಹಾಗೆ ಕೂಗಬೇಕು. ಒಂದು ಎಂದರೆ ಏಳು ಟ್ರಿಕ್ಕು, ನಾಲ್ಕು ಎಂದರೆ ಹತ್ತು, ಆರು ಎಂದರೆ ಹನ್ನೆರಡು. ನೀನೂ ಸವಕಳಿ ಕಳೆದೆ, ನಿನ್ನಿಂದ ಕಲಿತ ಮರಿಯಯ್ಯನವರೂ ಕಳೆದರು. ಒಂದೇ ಬಳೆಗೆ ಇಬ್ಬರು ಸವಕಳಿ ಕಳೆದರೆ ಉಂಗುರ ಉಳಿಯುತ್ತದೆ. ಹಾಗಾಗಿ ಹನ್ನೆರಡು ಟ್ರಿಕ್ಕು ಬರುವ ಕೈಯಲ್ಲೂ ನೀವಿಬ್ಬರು ಹತ್ತಕ್ಕೇ ನಿಂತು, ಬಂದ ಹೆಚ್ಚಿನ ಎರಡನ್ನು ನೋಡಿ "ಸದ್ಯ, ಉಳ್ಕಂಡೋ" ಎಂದು ಕಾಫಿ ಕುಡಿಯುತ್ತಿದ್ದಿರಿ. ಇದು ಟೀಮಿನ ಆಟ. ನಮಗೆ ಬಂದ ಎಲೆಗಳೇ ಪಕ್ಕದ ಕೋಣೆಯಲ್ಲಿ ಎದುರು ಟೀಮಿನ ಜೋಡಿಗೂ ಬಂದಿರುತ್ತವೆ. ಅಲ್ಲಿ ಅವರು ಹನ್ನೆರಡು ಕೂಗಿ ಗೆದ್ದರೆ, ಇಲ್ಲಿ ಉಳಿದುಕೊಂಡವರು ಮುಳುಗಿದ ಹಾಗೆಯೇ.

ಶನಿವಾರ ಶ್ರೀರಂಗಪಟ್ಟಣದವರನ್ನೂ ಪಾಂಡವಪುರದವರನ್ನೂ ಹೇಗೋ ದಾಟಿದೆವು. ನಿನ್ನೆ ಫೈನಲ್. ಪಕ್ಕದ ಕೋಣೆಯಲ್ಲಿ ನಮ್ಮ ಜವರಯ್ಯ ಮತ್ತು ಅವರ ಅಳಿಯ ರವೀಂದ್ರ. ಈ ಕೋಣೆಯಲ್ಲಿ ಶೆಟ್ಟರು, ಅವರ ಜೊತೆಗಾರ, ಮರಿಯಯ್ಯ ಮತ್ತು ನಾನೆಂಬ ನಡುಕ. ಊಟದ ಹೊತ್ತಿಗೆ ಎಂಟು ಅಂಕ ಹಿಂದಿದ್ದೆವು. ಮೇಜಿನ ಹಿಂದಿನ ಗಾಜಿನ ಬೀರುವಿನಲ್ಲಿ ಕಪ್ಪು ಕೂತು ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯುವವನ ಹಾಗೆ ನನ್ನನ್ನೇ ನೋಡುತ್ತಿತ್ತು. ಕೊನೆಯ ಹಂಚಿಕೆ ಬರುವ ಹೊತ್ತಿಗೆ ನನ್ನ ಅಂಗೈ ಬೆವರಿ ಎಲೆಗಳು ಅಂಟುತ್ತಿದ್ದವು.

ಆ ಕೈಯನ್ನು ಬರೆದೇ ತೋರಿಸುತ್ತೇನೆ. ನನಗೆ ನಾಲ್ಕು ಇಸ್ಪೀಟು, ರಾಣಿ ಸಮೇತ. ಆಟೀನು ಆರು, ಎಕ್ಕ ರಾಜ ರಾಣಿ ಮೂರೂ. ಕಳಾವರ್ ಮೂರು. ಡೈಮಂಡ್ ಒಂದೂ ಇಲ್ಲ, ಅಂದರೆ ಅವರು ಡೈಮಂಡ್ ಇಳಿಸಿದರೆ ಮೊದಲ ಸುತ್ತಿಗೇ ತುರುಫಾದ ಇಸ್ಪೀಟಿನಿಂದ ಕತ್ತರಿಸಿ ಆ ಟ್ರಿಕ್ಕನ್ನು ನಾವೇ ಗೆಲ್ಲಬಹುದು. ಮರಿಯಯ್ಯ ಒಂದು ಇಸ್ಪೀಟು ಎಂದರು. ನಾನು ಎರಡು ಆಟೀನು ಎಂದೆ. ಅವರು ಕೆಮ್ಮಿ, ತಗ್ಗಿದ ದನಿಯಲ್ಲಿ, ಎರಡು ಇಸ್ಪೀಟು ಎಂದರು. ನಿನ್ನ ಶಾಸ್ತ್ರದ ಪ್ರಕಾರ ನಾನು ನಾಲ್ಕು ಎಂದು ಕೈ ತೊಳೆದುಕೊಳ್ಳಬೇಕಿತ್ತು. ಅಲ್ಲಿ ನಿನ್ನ ಮಗ ಯೋಚಿಸಿದ. ಇವರ ಎರಡು ನಿಜವಾದ ಎರಡಲ್ಲ, ಸವಕಳಿ ಕಳೆದ ಎರಡು. ನಾನು ನಾಲ್ಕು ಎಂದರೆ ಅದೂ ಸವಕಳಿ ಕಳೆದ ನಾಲ್ಕು. ಅವರು ಅರ ಹಾಕಿದ್ದನ್ನೂ ನಾನು ಹಾಕಲಿದ್ದುದನ್ನೂ ಗುಡಿಸಿ ಮತ್ತೆ ತಕ್ಕಡಿಗೆ ಸುರಿದರೆ? ಹುಡುಗರು ಫೇಲಾಗಲು ಹೆದರುತ್ತಾರೆ. ನಾನು ಪಾಸ್ ಎನ್ನಲು ಹೆದರಿದೆ. ಭಯವನ್ನು ಬುದ್ಧಿ ಗೆಲ್ಲುವುದು ಎಂದರೆ ಏನೆಂದು ಆ ಕ್ಷಣ ತಿಳಿಯಿತು. "ಆರು ಇಸ್ಪೀಟು" ಎಂದೆ. ಅಂದರೆ ಹನ್ನೆರಡು ಟ್ರಿಕ್ಕು. ದನಿ ನಡುಗಲಿಲ್ಲ. ಮರಿಯಯ್ಯನವರ ಕನ್ನಡಕ ಮೂಗಿನ ತುದಿಗೆ ಜಾರಿತು. "ಎಷ್ಟಂದೆ?" ಎಂದು ಕೇಳಿದ್ದು ಅವರಲ್ಲ, ಶೆಟ್ಟರು.

ಮೊದಲ ಎಲೆ ಇಳಿಸಬೇಕಾದವರು ಶೆಟ್ಟರೇ. ಒಂದೆಲೆಯನ್ನು ಅರ್ಧ ಎಳೆದರು, ನನ್ನ ಮುಖ ನೋಡಿದರು, ಒಳಗೆ ತಳ್ಳಿದರು. ಎರಡು ನಿಮಿಷವಾದರೂ ಆಗಿರಬೇಕು. ಕೊನೆಗೆ ಒಂದು ಸಣ್ಣ ಇಸ್ಪೀಟು ಇಳಿಸಿದರು. ಇಸ್ಪೀಟು ಮೊದಲು ಕೂಗಿದ ಮರಿಯಯ್ಯನವರೇ ಇಬ್ಬರ ಕೈಯನ್ನೂ ಆಡಬೇಕು, ಹಾಗಾಗಿ ಪದ್ಧತಿಯಂತೆ ನಾನು ನನ್ನ ಎಲೆಗಳನ್ನು ಮೇಜಿನ ಮೇಲೆ ಹರಡಿದೆ. ಶೆಟ್ಟರು ಅದನ್ನು ನೋಡಿ ಮಂಕಾದರು, ನನ್ನ ಲೆಕ್ಕಾಚಾರದ ಆಳಕ್ಕೆ ಎಂದು ನೀನು ತಿಳಿದರೆ ನಾನು ಅಡ್ಡಿ ಬರುವುದಿಲ್ಲ. ಮರಿಯಯ್ಯ ಒಂದೊಂದೇ ಎಲೆಯನ್ನು ಮೊಟ್ಟೆಯ ಹಾಗೆ ಎತ್ತಿ ಇಟ್ಟರು. ಕಳಾವರ್ ಎಕ್ಕಕ್ಕೆ ಒಂದು ಕೊಟ್ಟು, ಹನ್ನೆರಡು ಎಣಿಸಿಕೊಂಡರು. ಆಮೇಲೆ ಪಕ್ಕದ ಕೋಣೆಯ ಬಾಗಿಲು ತೆರೆಯುವವರೆಗಿನ ಆ ಹತ್ತು ನಿಮಿಷವಿದೆಯಲ್ಲ, ಅದನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ, ನಾಗಮಂಗಲದವರಿಗೆ ಬೇಕಾದರೆ ಕೊಡಬಹುದು. ಅಲ್ಲಿಯೂ ಅವರು ಆರು ಕೂಗಿದ್ದರೆ ಎಲ್ಲ ಮುಗಿದಂತೆ. ಜವರಯ್ಯ ಹೊರಗೆ ಬಂದು ಬೀಡಿ ಹಚ್ಚಿ, "ಅವ್ರು ನಾಲ್ಕಕ್ಕೇ ನಿಂತ್ಕಂಡ್ರು ಕಣಪ್ಪ, ಅನ್ನೊಂದು ಮಾಡುದ್ರು. ನೀವೆಷ್ಟು?" ಅಂದರು. ಮೂರು ಅಂಕದಲ್ಲಿ ಗೆದ್ದೆವು.

ಸೀರೆಯ ತುಂಡಿನಲ್ಲಿ ಇರುವುದು ಏನೆಂದು ಈಗ ತಿಳಿಯಿತಲ್ಲ? ಒಂದು ವರ್ಷ ನಮ್ಮ ಮನೆಯಲ್ಲೇ. ಆದರೆ ಅಪ್ಪಾ, ಗೆದ್ದ ಮೇಲೆ ಭಯ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ, ಕಪ್ಪಿನ ಜೊತೆ ಬಸ್ಸು ಹತ್ತಿ ಮನೆಗೇ ಬಂತು. ಮರಿಯಯ್ಯ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಹೆಬ್ಬೆರಳಲ್ಲಿ ಒಂದು ಹಿಡಿಯನ್ನು ಸವರುತ್ತಾ ಕೂತಿದ್ದರು. "ನಮ್ಮವಳು ನಡುದ್ರೆ ಹಟ್ಟಿ ತುಂಬ ಸದ್ದಾಯ್ತಿತ್ತು" ಅಂದರು. ನಾನು ಕಿಟಕಿಯಿಂದ ಕಬ್ಬಿನ ಗದ್ದೆ ನೋಡಿದೆ. ಒರೆಗಲ್ಲು ಕದ್ದು ಎರಡು ಗಂಟೆಯಾಯಿತು. ಆಸಿಡ್ ಬಿಟ್ಟು ಮೇಲೆ ಉಪ್ಪುನೀರು ಹಾಕಿದರೆ ಬೆಳ್ಳಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಅಲ್ಲದಿದ್ದರೆ ಹಸಿರಾಗಿ ಅಳಿಸಿಹೋಗುತ್ತದೆ ಎಂದು ನೀನೇ ಹೇಳಿಕೊಟ್ಟದ್ದು. ಕಲ್ಲು ಇಲ್ಲಿದೆ, ಹಿಡಿ ಇಲ್ಲಿದೆ. ಕೈ ಮಾತ್ರ ಮುಂದೆ ಹೋಗುತ್ತಿಲ್ಲ. ಹಸಿರಾದರೆ ಮರಿಯಯ್ಯನವರಿಗೆ ನೀನು ಹೇಳಬೇಕೋ ನಾನು ಹೇಳಬೇಕೋ? ಹದಿನಾಲ್ಕು ವರ್ಷ ನೀನು ಯಾಕೆ ನೋಡಲಿಲ್ಲ ಎಂದು ಬಸ್‌ಸ್ಟ್ಯಾಂಡಿನಲ್ಲಿ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಆ ಬೈಗುಳವನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಕಣ್ಣನ್ನು ಉಜ್ಜಬೇಡ. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ, ಕೀರ್ತನಳಿಗೆ ಒಂದು ಮುತ್ತು. ಅವ್ವ ನಿನಗೆ ಕೊಬ್ಬರಿ ಮಿಠಾಯಿ ಕಳಿಸಿದ್ದಾಳೆ, ಜೊತೆಗೆ ಬೇಗ ಬಾ ಎಂಬ ಮಾತನ್ನು ಬೈಗುಳದ ರೂಪದಲ್ಲಿ ಕಳಿಸಿದ್ದಾಳೆ. ಬೈಗುಳ ಬರೆಯಲು ಜಾಗವಿಲ್ಲ.

ನಿನ್ನ ಕುರ್ಚಿಯನ್ನು ಎರಡು ದಿನ ಬಿಸಿಯಾಗಿಟ್ಟ ಮಗ,
ಪುಟ್ಟಾಚಾರಿ

ತಾಜಾ ಕಲಂ: ಮರಿಯಯ್ಯನವರು ನಿನ್ನನ್ನು ನೋಡಲು ಇವತ್ತೇ ಹಾಸನಕ್ಕೆ ಹೊರಟು ಬಂದಿದ್ದಾರೆ, ಕಾಗದ ಅವರ ಕೈಯಲ್ಲೇ ಬರುತ್ತದೆ. ಅಂಟಿಸಿ ಕೊಡುತ್ತಿದ್ದೇನೆ. ಅವರು ಹಜಾರದಲ್ಲಿ ಬೆನ್ನು ತಿರುಗಿಸಿ ಕೂತು ಅವ್ವನ ಕಾಫಿ ಕುಡಿಯುತ್ತಿದ್ದಾಗ ಕಣ್ಣು ಮುಚ್ಚಿಕೊಂಡು ಉಜ್ಜಿಬಿಟ್ಟೆ. ಆಸಿಡ್ ಬಿಟ್ಟೆ, ಉಪ್ಪುನೀರು ಬಿಟ್ಟೆ. ಹಾಲು! ಅಪ್ಪಾ, ಹಾಲಿನ ಹಾಗೆ ಬಿಳುಪು! ಎರಡೂ ಹಿಡಿಯನ್ನು ಮೂರು ಮೂರು ಸಲ ನೋಡಿದೆ. ನೀನು ಹೊಳೆಗೆ ಎಸೆದದ್ದು ಜರ್ಮನ್ ಸಿಲ್ವರನ್ನೇ. ದೊಡ್ಡತಾಯಮ್ಮನ ಗೆಜ್ಜೆ ಕಪ್ಪಿನಲ್ಲೇ ಇದೆ. ಅವರ ಮುಂದೆ ಅಳಬೇಡ, ಕಣ್ಣಿಗೆ ಒಳ್ಳೆಯದಲ್ಲ, ಅವರಿಗೆ ಏನೂ ಗೊತ್ತಿಲ್ಲ.

ಇನ್ನೊಂದು. "ಬಸ್ಸು ಓಯ್ತದೆ ಬಾರಪ್ಪ" ಎಂದು ಕೂಗುತ್ತಿದ್ದಾರೆ. ಅವರು ಹೇಗೂ ನಿನಗೆ ಹೇಳುತ್ತಾರೆ, ಅದಕ್ಕೆ ಮೊದಲೇ ನಾನು ಹೇಳುತ್ತೇನೆ. ನನಗೆ ಆಟೀನು ಆರು ಇರಲಿಲ್ಲ, ಐದು. ಎಲೆಗಳನ್ನು ಮೇಜಿನ ಮೇಲೆ ಹರಡಿದಾಗ ಆಟೀನಿನ ಸಾಲಿನಲ್ಲಿ ಡೈಮಂಡಿನ ಆರು ಕೂತಿತ್ತು. ಶೆಟ್ಟರ ಕೈಯಲ್ಲಿ ಡೈಮಂಡ್ ಎಕ್ಕ ಇತ್ತು. ನನ್ನ ಧೈರ್ಯ ನೋಡಿ, ಇವನ ಹತ್ತಿರ ಡೈಮಂಡೇ ಇಲ್ಲ, ಕತ್ತರಿಸಿಬಿಡುತ್ತಾನೆ ಎಂದು ಅದನ್ನೇ ಒಳಗೆ ತಳ್ಳಿದ್ದು. ಇಳಿಸಿದ್ದರೆ ಅದಕ್ಕೊಂದು, ಕಳಾವರ್ ಎಕ್ಕಕ್ಕೊಂದು, ನಾವು ಮುಳುಗುತ್ತಿದ್ದೆವು. ಇಳಿಸದೆ ಬಿಟ್ಟಿದ್ದಕ್ಕೆ ಮರಿಯಯ್ಯ ತಮ್ಮ ಡೈಮಂಡನ್ನು ನನ್ನ ದೊಡ್ಡ ಆಟೀನುಗಳ ಮೇಲೆ ಎಸೆದು ಪಾರಾದರು. ಸರಿಯಾಗಿ ನೋಡಿದವನು ನಾಲ್ಕಕ್ಕೆ ನಿಲ್ಲಬೇಕಾದ ಕೈ ಅದು, ನೀನಾಗಿದ್ದರೆ ನಿಲ್ಲುತ್ತಿದ್ದೆ. ಸವಕಳಿಯ ಸಿದ್ಧಾಂತವನ್ನೆಲ್ಲ ನಾನು ಹೊಸೆದದ್ದು ಮನೆಗೆ ಬರುವ ಬಸ್ಸಿನಲ್ಲಿ. ಮೇಜಿನಲ್ಲಿ ಕೈ ನಡುಗುತ್ತಿತ್ತಪ್ಪಾ. ಎಲೆಗಳನ್ನು ಎಣಿಸಿದೆ, ಹದಿಮೂರು ಇದ್ದವು. ಯಾವುವು ಎಂದು ಇನ್ನೊಂದು ಸಲ ನೋಡಲು ನನಗೂ ಧೈರ್ಯ ಬರಲಿಲ್ಲ.