ನಾಲದ ಮೊಳೆಗೆ ತಾವು ಹಚ್ಚಿದ ಸ್ಪಷ್ಟೀಕರಣ

ವದಂತಿ ತಡೆ ಕೋಶದ ಮಾನ್ಯ ಮುಖ್ಯಸ್ಥರೇ,

ಸವಡಿಯ ಜಂಗ್ಲಿಸಾಬ ಹೋದ ತಿಂಗಳು ಊರು ಬಿಟ್ಟ. ಅವನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಅವನ ಮನೆಗೆ ಯಾರೂ ಕಲ್ಲೆಸೆಯಲಿಲ್ಲ. ಆದ್ದರಿಂದ ತಮ್ಮ ಕಡತಗಳಲ್ಲಿ ಇದೊಂದು ಪ್ರಕರಣವೇ ಆಗಿರಲಿಕ್ಕಿಲ್ಲ. ಅವನನ್ನು ಊರು ಬಿಡಿಸಿದ್ದು ತಮ್ಮ ಕಚೇರಿ ಬರೆದ ಆರು ಸಾಲಿನ ಪ್ರಕಟಣೆ ಮತ್ತು ಅದನ್ನು ಮೈಕಿನಲ್ಲಿ ಓದಿದ ನನ್ನ ಗಂಟಲು. ಗಂಟಲಿನ ಪಾಲಿನ ತಪ್ಪನ್ನು ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಪಾಲಿನದನ್ನು ತಾವು ಒಪ್ಪುತ್ತೀರಿ ಎಂಬ ಭರವಸೆ ನನಗಿಲ್ಲ.

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಇಪ್ಪತ್ತಾರು ವರ್ಷಗಳಿಂದ ರೋಣ, ನರಗುಂದ, ಗಜೇಂದ್ರಗಡದ ಓಣಿಗಳಲ್ಲಿ ಆಟೊಗೆ ಮೈಕು ಕಟ್ಟಿಕೊಂಡು ಸಾರುವುದೇ ನನ್ನ ಉದ್ಯೋಗ. ಪೋಲಿಯೊ ಹನಿ, ಕರೆಂಟು ಇಲ್ಲದ ದಿನ, ಸೀರೆಗಳ ರಿಯಾಯಿತಿ ಮಾರಾಟ, ಕಳೆದುಹೋದ ಎಮ್ಮೆ, ಎಲ್ಲ ಪಕ್ಷಗಳ ಎಲ್ಲ ಅಭ್ಯರ್ಥಿಗಳು. ಬೆಳಿಗ್ಗೆ ಬಡವರ ಬಂಧು ಎಂದು ಸಾರಿದವರನ್ನೇ ಮಧ್ಯಾಹ್ನ ಸೋಲಿಸಿರಿ ಎಂದು ಇದೇ ಬಾಯಿಂದ ಸಾರಿದ್ದೇನೆ. ಈ ಕಸುಬಿನ ಗುಟ್ಟು ಬಹಳ ಸಣ್ಣದು. ಮೊದಲ ಸುತ್ತಿನಲ್ಲಿ ಯಾರೂ ತಲೆ ಎತ್ತುವುದಿಲ್ಲ. ಎರಡನೇ ಸುತ್ತಿಗೆ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸುತ್ತಾರೆ. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ನನ್ನ ಮಾತನ್ನು ಅವರೇ ಪಕ್ಕದವರಿಗೆ ಹೇಳುತ್ತಿರುತ್ತಾರೆ, ತಮಗೇ ಹೊಳೆದದ್ದು ಎಂಬಂತೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಸಾರಿದ್ದು ನಿಜವೋ ಸುಳ್ಳೋ ಎಂಬುದು ಈ ಲೆಕ್ಕಕ್ಕೇ ಬರುವುದಿಲ್ಲ. ಏಳನೇ ಇಯತ್ತೆ ಓದಿದ ನನಗೆ ಗೊತ್ತಿದ್ದ ಈ ಮಾತು ತಮ್ಮ ಕೋಶದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲವೇ? ಗೊತ್ತಿಲ್ಲದವರನ್ನು ಆ ಕುರ್ಚಿಗಳಲ್ಲಿ ಯಾಕೆ ಕೂರಿಸಿದ್ದಾರೆ?

ಜಂಗ್ಲಿಸಾಬ ನಾಲಬಂದ, ಎಂದರೆ ಎತ್ತಿನ ಗೊರಸಿಗೆ ಕಬ್ಬಿಣದ ನಾಲ ಬಡಿಯುವವನು. ಸವಡಿ, ರಾಜೂರ ಮತ್ತು ಸುತ್ತಲಿನ ಊರುಗಳಲ್ಲಿ ಟ್ರ್ಯಾಕ್ಟರಿನ ಕಾಲದಲ್ಲೂ ಉಳಿದುಕೊಂಡ ಎತ್ತುಗಳಿಗೆಲ್ಲ ಅವನೇ ಗತಿ. ಎತ್ತಿಗೆ ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸು ಕೆತ್ತಿ, ಮೊಳೆ ಹೊಡೆಯಬೇಕು. ಮೊಳೆ ಒಂದು ಎಳೆಯಷ್ಟು ಒಳಗೆ ಸರಿದರೂ ಎತ್ತು ಕುಂಟುತ್ತದೆ. ಅಷ್ಟು ಹೊತ್ತೂ ಎತ್ತಿನ ಯಜಮಾನ ಅದರ ತಲೆ ಒತ್ತಿ ಹಿಡಿದು ಪಕ್ಕದಲ್ಲೇ ಕೂತಿರುತ್ತಾನೆ. ಮುಚ್ಚುಮರೆಗೆ ಜಾಗವೇ ಇಲ್ಲದ ಕೆಲಸ. ಸವಡಿ ನನ್ನ ಹುಟ್ಟೂರು. ಅವನ ಅಪ್ಪ ಜಮಾಲಸಾಬ ನಮ್ಮಪ್ಪನ ಎತ್ತುಗಳಿಗೆ ನಾಲ ಬಡಿಯುತ್ತಿದ್ದ, ಕೆಲಸ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ.

ಆದದ್ದಿಷ್ಟು. ಸವಡಿಯ ರೈತ ಪರಶಪ್ಪನ ಎತ್ತು ಬಾಯಲ್ಲಿ ನೊರೆ ಬಂದು ಸತ್ತಿತು. ನಾಲ್ಕು ದಿನದ ಹಿಂದೆ ಅದಕ್ಕೆ ಜಂಗ್ಲಿಸಾಬ ನಾಲ ಬಡಿದಿದ್ದ. ಆದರೆ ಸತ್ತ ದಿನ ಬೆಳಿಗ್ಗೆ ಅದು ಹಗ್ಗ ಬಿಚ್ಚಿಕೊಂಡು ಹೋಗಿ, ಕೊಯ್ದ ಹೊಲದಲ್ಲಿ ಮತ್ತೆ ಚಿಗುರಿದ್ದ ಜೋಳದ ಕೂಳೆಯನ್ನು ಹೊಟ್ಟೆ ಬಿರಿಯುವಂತೆ ಮೇಯ್ದಿತ್ತು. ನೀರಿಲ್ಲದೆ ಬಾಡಿದ ಎಳೆ ಜೋಳ ದನಕ್ಕೆ ವಿಷ ಎಂಬುದು ನಮ್ಮ ಕಡೆ ಕೂಸುಗಳಿಗೂ ಗೊತ್ತು. ದನದ ಡಾಕ್ಟರರೂ ಅದನ್ನೇ ಹೇಳಿದರು. ಪರಶಪ್ಪ ಕೂಡ ಅಂದು, “ಕೂಳಿ ಮೇಯ್ದ ಸತ್ತೈತ್ರಿ, ಹಗ್ಗ ನಾನ ಸಡ್ಲ ಕಟ್ಟಿದ್ನಿ” ಎಂದು ಹಣೆ ಬಡಿದುಕೊಂಡು ಅತ್ತ. ಎರಡು ದಿನ ಬಿಟ್ಟು ಅವನ ಮೊಬೈಲಿಗೆ ಒಂದು ವಿಡಿಯೊ ಬಂತು. ಯಾವ ಊರಿನದೋ ಎತ್ತು ನೊರೆ ಕಾರುತ್ತಿದೆ. ನಾಲದ ಮೊಳೆಗೆ ವಿಷ ಸವರುವವರು ಬಂದಿದ್ದಾರೆ, ಎಚ್ಚರ ರೈತರೇ ಎಂದು ಹಿಂದಿನಿಂದ ಒಬ್ಬ ಹೇಳುತ್ತಿದ್ದಾನೆ. ಕಸುಬುದಾರನಾಗಿ ಒಪ್ಪಿಕೊಳ್ಳುತ್ತೇನೆ, ಚಲೋ ಧ್ವನಿ. ಎಲ್ಲಿ ತಡೆಯಬೇಕು, ಎಲ್ಲಿ ನಡುಗಬೇಕು ಎಂದು ಬಲ್ಲವನು. ಪರಶಪ್ಪ ಅದನ್ನು ನಂಬಿದ. ತನ್ನ ಕೈಯಿಂದ ಎತ್ತು ಸತ್ತಿತು ಎಂದುಕೊಂಡು ಬದುಕುವುದಕ್ಕಿಂತ ಇನ್ನೊಬ್ಬನ ಕೈಯಿಂದ ಸತ್ತಿತು ಎಂದುಕೊಳ್ಳುವುದು ಹಗುರ. ಸುಳ್ಳು ತಯಾರಿಸುವವರು ನಮ್ಮ ದುಃಖಗಳ ಅಳತೆ ತೆಗೆದುಕೊಂಡೇ ಅಂಗಿ ಹೊಲಿಯುತ್ತಾರೆ.

ಆದರೂ ಆ ವಿಡಿಯೊ ನೋಡಿದವರು ಸವಡಿಯಲ್ಲಿ ಹತ್ತಿಪ್ಪತ್ತು ಮಂದಿ, ರಾಜೂರಿನಲ್ಲಿ ಯಾರೂ ಇಲ್ಲ. ಇಬ್ಬರು ಹಿರಿಯರು ಕೂತು ಪರಶಪ್ಪನನ್ನು ಗದರಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ತಮ್ಮ ಕೋಶ ಎಚ್ಚರಗೊಂಡು, ಸಾರಲು ನನಗೆ ಪ್ರಕಟಣೆ ಕಳಿಸಿತು: “ಸವಡಿ ಗ್ರಾಮದ ನಾಲಬಂದ ಜಂಗ್ಲಿಸಾಬ ಎಂಬಾತನು ನಾಲದ ಮೊಳೆಗಳಿಗೆ ವಿಷ ಲೇಪಿಸಿ ಜಾನುವಾರುಗಳ ಸಾವಿಗೆ ಕಾರಣನಾಗುತ್ತಿದ್ದಾನೆ ಎಂಬುದಾಗಿ ಹರಿದಾಡುತ್ತಿರುವ ಸುದ್ದಿಯು ಆಧಾರರಹಿತವಾಗಿದ್ದು, ಸಾರ್ವಜನಿಕರು ಕಿವಿಗೊಡಬಾರದಾಗಿ ವಿನಂತಿ.” ಮಾನ್ಯರೇ, ವಿಡಿಯೊದಲ್ಲಿ ಅವನ ಹೆಸರಿರಲಿಲ್ಲ. ಊರಿನ ಹೆಸರೂ ಇರಲಿಲ್ಲ. ಅವೆರಡನ್ನೂ ಸೇರಿಸಿದ್ದು ತಾವು.

ನಾನು ಅಂದೇ ತಮ್ಮ ಕಚೇರಿಗೆ ಫೋನು ಮಾಡಿದೆ. “ಸಾಹೇಬ್ರ, ಹೆಸರು ಬ್ಯಾಡ್ರಿ, ವಿಷದ ಮಾತೂ ಬ್ಯಾಡ. ಎತ್ತು ಕೂಳಿ ಮೇಯ್ದ ಸತ್ತೈತಿ, ಕೂಳಿ ಹೊಲಕ್ಕ ದನಾ ಬಿಡಬ್ಯಾಡ್ರಿ ಅಂತ ಅಷ್ಟ ಸಾರೂಣು” ಎಂದೆ. “ಒಕ್ಕಣೆ ಮಂಜೂರಾಗಿ ಬಂದಿದೆ, ಒಂದಕ್ಷರ ಬದಲಿಸುವಂತಿಲ್ಲ. ಓದುವುದಷ್ಟೇ ನಿಮ್ಮ ಕೆಲಸ” ಎಂಬ ಉತ್ತರ ಬಂತು. ಓದಿದೆ. ಮೂರು ದಿನ, ಐದು ಊರು, ಪ್ರತಿ ಊರಲ್ಲೂ ಮೂರು ಸುತ್ತು, ಒಂದು ತಪ್ಪಿಲ್ಲದೆ. ಆಗಲೇ ಮೈಕು ಕೆಳಗಿಡಬಹುದಿತ್ತು. ಇಡಲಿಲ್ಲ ಎಂಬ ನಾಚಿಕೆ ನನ್ನದು.

ರಾಜೂರಿನಲ್ಲಿ ನೀಲವ್ವ ಎಂಬ ಹೆಣ್ಣುಮಗಳು ಕೈಗೆ ಮೆತ್ತಿದ ಹಿಟ್ಟಿನ ಸಮೇತ ಓಡಿಬಂದು ಆಟೊ ತಡೆದಳು.

“ಯಾವ ಜಂಗ್ಲಿಸಾಬ್ರಿ? ಹೋದ ವಾರ ನಮ್ಮ ಎತ್ತಿಗೆ ನಾಲ ಬಡದಾನಲ್ಲ, ಅವನ?”

“ಏ ತಂಗೀ, ಅದು ಸುಳ್ಳು ಅಂತನ ನಾ ಹೇಳಾಕತ್ತೀನಿ.”

“ಸುಳ್ಳಿಗೆ ಯಾರರ ಗಾಡಿ ಬಿಡ್ತಾರೇನ್ರಿ? ಸರಕಾರದೋರು ಇಷ್ಟ ದೂರ ಬಂದು ಒದರಾಕತ್ತಾರಂದ್ರ ಒಳಗ ಏನೋ ಐತಿ.”

ಅವಳಿಗೆ ನಾನು ಏನು ಹೇಳಬೇಕಿತ್ತು? ಸರ್ಕಾರ ಸುಮ್ಮನಿದ್ದಾಗ ಮುಚ್ಚಿಡುತ್ತಿದೆ ಎಂದೂ, ಮಾತಾಡಿದಾಗ ಮತ್ತೇನನ್ನೋ ಮುಚ್ಚಿಡಲು ಮಾತಾಡುತ್ತಿದೆ ಎಂದೂ ಜನ ಅಂದುಕೊಳ್ಳುವುದನ್ನು ಅವರಿಗೆ ಯಾರು ಕಲಿಸಿದರು? ಒಂದೇ ದಿನದಲ್ಲಿ ಕಲಿತ ಪಾಠವಲ್ಲ ಅದು. ಅದರಲ್ಲಿ ನನ್ನ ಮೈಕಿನ ಇಪ್ಪತ್ತಾರು ವರ್ಷವೂ ಸೇರಿದೆ.

ಮುಂದಿನ ವಾರ ನನ್ನ ಧ್ವನಿ ನನ್ನದೇ ಮೊಬೈಲಿಗೆ ಬಂತು. ಯಾರೋ ಮಾಳಿಗೆಯ ಮೇಲೆ ನಿಂತು ರೆಕಾರ್ಡು ಮಾಡಿಕೊಂಡು, ಪ್ರಕಟಣೆಯ ಹಿಂಭಾಗ ಕತ್ತರಿಸಿ, ಮುಂಭಾಗವನ್ನಷ್ಟೇ ಇಟ್ಟಿದ್ದರು. ಕೆಳಗೆ ‘ಸರ್ಕಾರದಿಂದಲೇ ಘೋಷಣೆ’ ಎಂದು ಬರೆದಿತ್ತು. ಅದು ಐದು ಊರು ದಾಟಿ ಎಲ್ಲೆಲ್ಲಿಗೆ ಹೋಯಿತೋ ನನಗೆ ತಿಳಿಯದು. ಜಂಗ್ಲಿಸಾಬನನ್ನು ಕರೆಯುವವರು ನಿಂತುಹೋದರು. ಸವಡಿಯಲ್ಲಿರುವ ನನ್ನ ಸ್ವಂತ ಅಣ್ಣ ಸಿದ್ದಲಿಂಗನ ಎತ್ತುಗಳ ನಾಲ ಸವೆದುಹೋಗಿತ್ತು. ಕಡಲೆ ಚೀಲ ಹೇರಿಕೊಂಡು ಡಾಂಬರು ರಸ್ತೆಯಲ್ಲಿ ರೋಣದ ಪೇಟೆಗೆ ಬರುವಷ್ಟರಲ್ಲಿ ಒಂದರ ಗೊರಸಿನಿಂದ ರಕ್ತ ಬರುತ್ತಿತ್ತು. ಜಂಗ್ಲಿಸಾಬನನ್ನು ಕರೆಸು ಎಂದು ಬೇಡಿಕೊಂಡೆ.

“ನೀನ ಹೇಳಿದೆಲ್ಲೊ ಮೈಕಿನಾಗ! ನನ್ನ ಕಿವೀಲೆ ಕೇಳೀನಿ. ಕುಂಟಿದ್ರ ಕುಂಟಲಿ ಬಿಡು, ಸಾಯೂದಕಿಂತ ಚಲೋ” ಎಂದ.

ಇದೇ ಅಣ್ಣ ಇವತ್ತಿಗೂ ಕೂಳೆಯ ಹೊಲದ ಕಡೆ ದನ ಬಿಡುವುದಿಲ್ಲ. ಎತ್ತು ಯಾತರಿಂದ ಸತ್ತಿತೆಂದು ಅವನಿಗೆ ಗೊತ್ತು. ಗೊತ್ತಿದ್ದೂ ನಾಲ ಬಡಿಸುವುದಿಲ್ಲ. ಜನರಿಗೆ ತಿಳಿವಳಿಕೆ ಕಡಿಮೆ, ಜಾಗೃತಿ ಮೂಡಿಸಬೇಕು ಎಂದು ತಾವು ಸಭೆಗಳಲ್ಲಿ ಹೇಳುತ್ತೀರಿ. ಸ್ವಾಮೀ, ತಿಳಿವಳಿಕೆ ತಲೆಯಲ್ಲಿ ಹಾಗೆಯೇ ಕೂತಿರುತ್ತದೆ, ಭಯ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತದೆ. ಎರಡಕ್ಕೂ ಜಗಳವೇ ಇಲ್ಲ. ಇದಕ್ಕೆ ತಮ್ಮ ಬಳಿ ಯಾವ ಔಷಧವಿದೆ? ನನ್ನ ಬಳಿಯಂತೂ ಇಲ್ಲ.

ಕೊನೆಗೆ ಒಂದು ಬೆಳಿಗ್ಗೆ ಯಾರೂ ಹೇಳದೆ, ಯಾರೂ ಬರೆದುಕೊಡದೆ ಸವಡಿಯ ಅಗಸಿ ಬಾಗಿಲಲ್ಲಿ ಆಟೊ ನಿಲ್ಲಿಸಿ ನನ್ನ ಮಾತನ್ನು ನಾನೇ ಆಡಿದೆ. ಜಂಗ್ಲಿಸಾಬ ನಿಮ್ಮ ಮನೆಯ ಅಂಗಳದಲ್ಲಿ ಬೆಳೆದವನು, ಅವನ ಕೈಯಲ್ಲಿ ಒಂದು ಎತ್ತೂ ಸತ್ತಿಲ್ಲ ಎಂದು. ಎರಡು ಕಡೆ ತಪ್ಪಿ ಮತ್ತೆ ಹೇಳಿದೆ. ಜನ ನಿಂತು ಕೇಳಿದರು. ಮುಗಿದ ಮೇಲೆ ಒಬ್ಬ ಬೀಡಿ ಆರಿಸಿ ಬಹಳ ವಿನಯದಿಂದ ಕೇಳಿದ: “ಇದನ್ನ ಯಾರ ಬರದಕೊಟ್ಟಾರ್ರಿ ಹೂವಪ್ಪ?” ಎಲ್ಲರೂ ನಕ್ಕರು. ನಾನು ಮೈಕಿನ ವೈರು ಸುತ್ತಿಕೊಂಡು ಬಂದೆ.

ತಮ್ಮ ಕೋಶದ ವರದಿ ನನ್ನ ಕೈಗೂ ಬಂದಿದೆ. “ಐದು ಗ್ರಾಮಗಳಲ್ಲಿ ಜಾಗೃತಿ ಕಾರ್ಯ ಯಶಸ್ವಿ. ಯಾವುದೇ ಅಹಿತಕರ ಘಟನೆ ವರದಿಯಾಗಿಲ್ಲ.” ಅದರ ಜೊತೆಗೆ ಮುಂದಿನ ಅಭಿಯಾನಕ್ಕೆ ನನ್ನ ಧ್ವನಿಯೇ ಬೇಕು, ಜನ ನಂಬುತ್ತಾರೆ ಎಂಬ ಪ್ರಶಂಸೆ. ಅಭಿನಂದನೆಗಳು, ಮಾನ್ಯರೇ. ನಂಬಿದ್ದಾರೆ.

ಹೊರಡುವ ದಿನ ಜಂಗ್ಲಿಸಾಬನ ಮನೆಗೆ ಕ್ಷಮೆ ಕೇಳಲು ಹೋದೆ. ಹುಬ್ಬಳ್ಳಿಯ ಗೋದಾಮಿನಲ್ಲಿ ಹಮಾಲಿ ಕೆಲಸ ಗೊತ್ತಾಗಿತ್ತು, ಅವನ ಹೆಂಡತಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅವನು ಚಹಾ ಮಾಡಿಸಿದ.

“ನಿಮ್ಮ ಮ್ಯಾಲ ಸಿಟ್ಟಿಲ್ರಿ ಹೂವಪ್ಪಣ್ಣ. ಒಂದ ಮಾತ ಹೇಳ್ಲೇನ್ರಿ? ಸಣ್ಣಾವಿದ್ದಾಗಿಂದ ನಿಮ್ಮ ದನಿ ಕೇಳೀನಿ. ನಾಳಿ ಕರೆಂಟ್ ಹೋಗತೈತಿ ಅಂದ್ರ ಹೋಗತಿತ್ತು. ಇದನ್ನೂ ಕೇಳೀನಿ, ಮೊಬೈಲಿನಾಗ, ಎಂಟ ದಿನಾ. ಒಂದಿನ ಮೊಳಿ ಡಬ್ಬಿ ತಗದು ಮೂಸಿ ನೋಡಿದ್ನ್ರಿ. ನನಗ ಗೊತ್ತಿಲ್ಲದಂಗ ಏನರ ಹತ್ತೇತೇನೋ ಅಂತ.”

ನಾನು ಚಹಾದ ಲೋಟ ಕೆಳಗಿಟ್ಟೆ. ಅಳು ಬಂತು, ಅತ್ತೆ. ಅವನೇ ನನಗೆ ಸಮಾಧಾನ ಹೇಳಿದ.

ಆದ್ದರಿಂದ ನನ್ನ ಬೇಡಿಕೆ ಇದೊಂದೇ. ಜಂಗ್ಲಿಸಾಬನನ್ನು ಕರೆತನ್ನಿ ಎಂದು ಕೇಳುವಷ್ಟು ದಡ್ಡ ನಾನಲ್ಲ. ವಿಷಾದ ವ್ಯಕ್ತಪಡಿಸಿ ಮತ್ತೊಂದು ಪ್ರಕಟಣೆಯನ್ನಂತೂ ದಯವಿಟ್ಟು ಹೊರಡಿಸಬೇಡಿ, ಅದರಿಂದ ಇನ್ನೂ ಐದು ಊರಿಗೆ ಸುದ್ದಿ ಮುಟ್ಟುತ್ತದೆ. ಆ ಒಕ್ಕಣೆಗೆ ಅವನ ಹೆಸರನ್ನು ಸೇರಿಸಿದವರು ಯಾರು, ಅದನ್ನು ಮಂಜೂರು ಮಾಡಿದವರು ಯಾರು ಎಂದು ಒಂದು ಕಾಗದದಲ್ಲಿ ಬರೆದು, ಸಹಿ ಹಾಕಿ ನನಗೆ ಕಳಿಸಿ. ಮೈಕಿನಲ್ಲಿ ಓದುವುದಿಲ್ಲ. ಒಬ್ಬನ ಹೆಸರನ್ನು ಮೈಕಿನಲ್ಲಿ ಓದಿದರೆ ಏನಾಗುತ್ತದೆ ಎಂದು ನೋಡಿದ್ದೇನೆ. ಹುಬ್ಬಳ್ಳಿಗೆ ಹೋಗಿ, ಅವನೊಬ್ಬನ ಎದುರು ಕೂತು, ಮೆಲ್ಲಗೆ ಓದಿ ಹೇಳುತ್ತೇನೆ. ತಪ್ಪು ತನ್ನ ಮೊಳೆಯಲ್ಲಿರಲಿಲ್ಲ ಎಂದು ಈ ಭೂಮಿಯ ಮೇಲೆ ಅವನೊಬ್ಬನಾದರೂ ನಂಬಲಿ. ಕಾಗದ ಬರುವುದಿಲ್ಲ ಎಂದು ನನಗೆ ಗೊತ್ತು. ಅವನು ಅಲ್ಲಿ ಚೀಲ ಹೊತ್ತು ಇಳಿಸಿದ ಮೇಲೆ ತನ್ನ ಕೈಯನ್ನು ತಾನೇ ಮೂಸಿ ನೋಡಿಕೊಳ್ಳುತ್ತಿರುತ್ತಾನೆ.

ಇಂತಿ,
ತಾವು ಕೊಟ್ಟದ್ದನ್ನು ಒಂದು ತಪ್ಪಿಲ್ಲದೆ ಓದಿದ,
ಹೂವಪ್ಪ, ಮೈಕಿನವನು
ರೋಣ